ಎಂಟು ಮನೆಗಳ ಕಟ್ಟಡದಲ್ಲೊಂದು ಸಣ್ಣ ಫ್ಲ್ಯಾಟ್: ಮುಂಗಡ ಕೊಡುವ ಮುನ್ನ ನೋಡಬೇಕಾದ್ದು

ಬೆಂಗಳೂರು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಳೆಯ ಗಾದೆ. ಆದರೆ ಇಂದಿನ ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗಿಂತ ಕಟ್ಟಿದ ಮನೆಯನ್ನು ಕೊಳ್ಳುವವರೇ ಹೆಚ್ಚು. ಅದರಲ್ಲೂ ನಗರದ ಅಂಚಿನಲ್ಲಿರುವ ಬೃಹತ್ ಬಹುಮಹಡಿ ಸಮುಚ್ಚಯಗಳ ಬೆಲೆ ಎಟುಕದ, ದಿನವೂ ಎರಡು ಗಂಟೆ ಬಸ್ಸಿನಲ್ಲಿ ಕಳೆಯಲು ಮನಸ್ಸಿಲ್ಲದ ಮಧ್ಯಮ ವರ್ಗದ ಕುಟುಂಬಗಳು ಹನುಮಂತನಗರ, ಶ್ರೀನಗರ, ವಿಜಯನಗರ, ರಾಜಾಜಿನಗರದಂತಹ ಕಿಕ್ಕಿರಿದ ಬಡಾವಣೆಗಳ ಸಣ್ಣ ಫ್ಲ್ಯಾಟುಗಳತ್ತ ಮುಖ ಮಾಡುತ್ತಿವೆ. ಮಕ್ಕಳ ಶಾಲೆ, ತರಕಾರಿ ಮಾರುಕಟ್ಟೆ, ವೈದ್ಯರು, ದೇವಸ್ಥಾನ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿರುವುದು ಈ ಬಡಾವಣೆಗಳ ದೊಡ್ಡ ಆಕರ್ಷಣೆ.

ಈ ಫ್ಲ್ಯಾಟುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕಂಪನಿಗಳ ಯೋಜನೆಗಳಲ್ಲಲ್ಲ. ಹಳೆಯ ಹೆಂಚಿನ ಮನೆಯನ್ನೋ, ಒಂದಂತಸ್ತಿನ ಮನೆಯನ್ನೋ ಕೆಡವಿ, 40×60 ಅಡಿ ನಿವೇಶನದಲ್ಲಿ ಎದ್ದ ನಾಲ್ಕೈದು ಅಂತಸ್ತಿನ ಕಟ್ಟಡಗಳಲ್ಲಿ. ಕೊಳ್ಳುವವರ ಭವಿಷ್ಯ ನಿಧಿ, ಮಾರಿದ ಊರಿನ ಜಮೀನಿನ ಹಣ, ಹೆಣ್ಣುಮಕ್ಕಳ ಒಡವೆ, ಅದರ ಮೇಲೆ ಇಪ್ಪತ್ತು ವರ್ಷಗಳ ಬ್ಯಾಂಕ್ ಸಾಲ ಎಲ್ಲವೂ ಇಂತಹ ಒಂದು ಫ್ಲ್ಯಾಟಿಗೆ ಸುರಿಯಲ್ಪಡುತ್ತವೆ. ವಿಪರ್ಯಾಸವೆಂದರೆ, ಖರೀದಿದಾರರ ರಕ್ಷಣೆಗೆಂದು ಬಂದ ಕಾನೂನಿನ ಕೈ ಅತ್ಯಂತ ಕಡಿಮೆ ಚಾಚುವುದೂ ಇದೇ ಸಣ್ಣ ಕಟ್ಟಡಗಳತ್ತ. ಹೀಗಾಗಿ ಇಲ್ಲಿ ಕಾಗದಪತ್ರಗಳ ಪರಿಶೀಲನೆಯ ಹೊಣೆ ಹೆಚ್ಚಿನ ಮಟ್ಟಿಗೆ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ರೇರಾ ತಲುಪದ ಜಾಗ

ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ಜನ ರೇರಾ ಎಂದು ಕರೆಯುವ ಕಾನೂನು 2016ರಲ್ಲಿ ಜಾರಿಗೆ ಬಂತು. ಇದರ ನಿಯಮಗಳನ್ನು ಕರ್ನಾಟಕ 2017ರಲ್ಲಿ ರೂಪಿಸಿತು. ಈ ಕಾಯ್ದೆಯಡಿ ನೋಂದಣಿಯಾದ ಯೋಜನೆಯಲ್ಲಿ ಖರೀದಿದಾರರಿಂದ ಬಂದ ಹಣದ ಶೇ. 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಬಳಸಬೇಕು. ಮಾರಾಟದ ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಮನೆ ಹಸ್ತಾಂತರವಾದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದರೆ ಬಿಲ್ಡರೇ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು.

ಆದರೆ 500 ಚದರ ಮೀಟರ್ ಮೀರದ ಜಾಗ ಅಥವಾ 8 ಮನೆಗಳನ್ನು ಮೀರದ ಯೋಜನೆಗೆ ನೋಂದಣಿ ಬೇಕಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. 40×60 ಅಡಿ ನಿವೇಶನದ ವಿಸ್ತೀರ್ಣ 2,400 ಚದರ ಅಡಿ, ಅಂದರೆ ಸುಮಾರು 223 ಚದರ ಮೀಟರ್. ಅದರಲ್ಲಿ ಎಂಟೋ ಅದಕ್ಕಿಂತ ಕಡಿಮೆಯೋ ಮನೆಗಳಿದ್ದರೆ ಕಟ್ಟಡ ರೇರಾ ನೋಂದಣಿಯ ಹೊರಗೇ ಉಳಿಯುತ್ತದೆ. ಜಾಲತಾಣದಲ್ಲಿ ಯೋಜನೆಯ ವಿವರ ಹುಡುಕಿದರೂ ಸಿಗುವುದಿಲ್ಲ.

ಹಾಗೆಂದು ಕೊಳ್ಳುವವರು ನಿರಾಶರಾಗಬೇಕಿಲ್ಲ. ಮನೆ ನಿರ್ಮಾಣವನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಸೇವೆ ಎಂದೇ ಪರಿಗಣಿಸುತ್ತದೆ. ತೊಂದರೆಯಾದರೆ ಎರಡು ವರ್ಷಗಳೊಳಗೆ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಆದರೆ ಆಯೋಗದ ಬಾಗಿಲು ತಟ್ಟುವುದು ಅನಾಹುತ ಆದ ಮೇಲಿನ ಮಾತು. ಅದಕ್ಕೂ ಮೊದಲೇ ರೇರಾ ನೀಡುವ ರಕ್ಷಣೆಗಳನ್ನು, ಅಂದರೆ ಹಸ್ತಾಂತರದ ದಿನಾಂಕ, ತಡವಾದರೆ ಬಡ್ಡಿ, ರಚನಾ ದೋಷಕ್ಕೆ 5 ವರ್ಷಗಳ ಹೊಣೆ ಇವನ್ನು ಮಾರಾಟದ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಜಾಣತನ.

ಕೊಳ್ಳುವುದು ಗೋಡೆಗಳನ್ನಷ್ಟೇ ಅಲ್ಲ

ಫ್ಲ್ಯಾಟ್ ಖರೀದಿಸುವವರು ಎರಡು ವಸ್ತುಗಳನ್ನು ಕೊಳ್ಳುತ್ತಾರೆ. ಒಂದು, ನಾಲ್ಕು ಗೋಡೆಗಳ ನಡುವಿನ ಮನೆ. ಇನ್ನೊಂದು, ಕಟ್ಟಡ ನಿಂತಿರುವ ನೆಲದಲ್ಲಿ ಅವಿಭಾಜ್ಯ ಪಾಲು. ಗೋಡೆಗೆ ವಯಸ್ಸಾಗುತ್ತದೆ, ಬೆಲೆ ಇಳಿಯುತ್ತದೆ. ನೆಲದ ಬೆಲೆ ಏರುತ್ತದೆ. ಮೂವತ್ತು ನಲವತ್ತು ವರ್ಷಗಳ ನಂತರ ಕಟ್ಟಡ ಕೆಡವಿ ಹೊಸದಾಗಿ ಕಟ್ಟುವ ಕಾಲ ಬಂದಾಗ ಕೈಯಲ್ಲಿ ಉಳಿಯುವುದು ಈ ನೆಲದ ಪಾಲು ಮಾತ್ರ.

2,400 ಚದರ ಅಡಿ ನಿವೇಶನದಲ್ಲಿ ಒಂದೇ ಅಳತೆಯ ಎಂಟು ಮನೆಗಳಿದ್ದರೆ ಪ್ರತಿ ಮನೆಗೆ 300 ಚದರ ಅಡಿ ನೆಲದ ಪಾಲು ಬರಬೇಕು. ಮೇಲೆ ಇನ್ನೊಂದು ಮನೆ ಏರಿಸಿ ಒಂಬತ್ತಾದರೆ ಅದು ಸುಮಾರು 267 ಚದರ ಅಡಿಗೆ ಇಳಿಯುತ್ತದೆ. ಕೆಲವೆಡೆ ಬಿಲ್ಡರುಗಳು ಮುಂದೊಂದು ದಿನ ಮತ್ತೊಂದು ಅಂತಸ್ತು ಏರಿಸುವ ಆಸೆಯಿಂದ ನೆಲದ ಒಂದಷ್ಟು ಪಾಲನ್ನೂ, ಮೇಲ್ಛಾವಣಿಯ ಹಕ್ಕನ್ನೂ ತಮ್ಮಲ್ಲೇ ಉಳಿಸಿಕೊಳ್ಳುವುದುಂಟು. ಆದ್ದರಿಂದ ಎಲ್ಲ ಮನೆಗಳ ಪಾಲನ್ನೂ ಕೂಡಿದರೆ ನಿವೇಶನದ ಪೂರ್ಣ ವಿಸ್ತೀರ್ಣ ಬರುತ್ತದೆಯೇ ಎಂಬ ಸರಳ ಲೆಕ್ಕವನ್ನು ಮೊದಲು ಹಾಕಬೇಕು. ತಮ್ಮ ಪಾಲು ಎಷ್ಟು ಚದರ ಅಡಿ ಎಂಬುದು ಕ್ರಯಪತ್ರದಲ್ಲಿ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಇರಬೇಕು.

ಮನೆಯ ಅಳತೆಯದೂ ಇದೇ ಕಥೆ. ಮಾರುವವರು ಹೇಳುವ ಸೂಪರ್ ಬಿಲ್ಟ್‌ಅಪ್ ಅಳತೆಯಲ್ಲಿ ಮೆಟ್ಟಿಲು, ಲಿಫ್ಟು, ಓಡಾಡುವ ಹಾದಿ ಎಲ್ಲವೂ ಸೇರಿರುತ್ತವೆ. ಕಾರ್ಪೆಟ್ ಅಳತೆ ಎಂದರೆ ಹೊರಗೋಡೆ, ಬಾಲ್ಕನಿ, ಕೊಳವೆಗಳು ಹಾದುಹೋಗುವ ಕಿಂಡಿಗಳನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ ಬಳಕೆಗೆ ದೊರೆಯುವ ಜಾಗ. ಉದಾಹರಣೆಗೆ 900 ಚದರ ಅಡಿ ಎಂದು ಹೇಳಿ 60 ಲಕ್ಷ ರೂ.ಗೆ ಮಾರುವ ಫ್ಲ್ಯಾಟಿನ ದರ ಚದರ ಅಡಿಗೆ ಸುಮಾರು 6,667 ರೂ. ಎಂದು ತೋರುತ್ತದೆ. ಒಳಗಿನ ಜಾಗ ಅಳೆದಾಗ 630 ಚದರ ಅಡಿ ಬಂದರೆ ನಿಜವಾದ ದರ ಸುಮಾರು 9,524 ರೂ. ಎರಡು ಫ್ಲ್ಯಾಟುಗಳನ್ನು ಹೋಲಿಸುವಾಗ ಕಾರ್ಪೆಟ್ ಅಳತೆಯನ್ನೇ ಹೋಲಿಸಬೇಕು. ಒಂದು ಟೇಪು ಹಿಡಿದು ಅರ್ಧ ಗಂಟೆ ಅಳೆದರೆ ಸಾಕು.

ನಕ್ಷೆಯಲ್ಲಿ ನಾಲ್ಕು, ನೆಲದ ಮೇಲೆ ಎಂಟು

ಸಣ್ಣ ಕಟ್ಟಡಗಳ ಅತಿದೊಡ್ಡ ಪಿಡುಗು ನಕ್ಷೆಯ ಉಲ್ಲಂಘನೆ. ಮಂಜೂರಾದ ನಕ್ಷೆಯಲ್ಲಿ ಇರುವುದು ಮೂರು ಅಂತಸ್ತು, ನಾಲ್ಕು ಮನೆ. ಕಟ್ಟಿರುವುದು ಐದು ಅಂತಸ್ತು, ಎಂಟು ಮನೆ. ಸುತ್ತ ಬಿಡಬೇಕಾದ ಖಾಲಿ ಜಾಗವನ್ನೂ ಗೋಡೆ ನುಂಗಿರುತ್ತದೆ. ಪಕ್ಕದ ಮನೆಯವರ ಅಡುಗೆ ಕೋಣೆಯ ಒಗ್ಗರಣೆ ಈ ಮನೆಯ ಮಲಗುವ ಕೋಣೆಯಲ್ಲಿ ಘಾಟು ಹಬ್ಬಿಸುತ್ತಿದ್ದರೆ ಎಲ್ಲೋ ನಿಯಮ ತಪ್ಪಿದೆ ಎಂದು ಸಂಶಯ ಪಡಲು ಕಾರಣವಿದೆ.

ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳು ಶೇ. 5ರವರೆಗಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಶುಲ್ಕ ವಿಧಿಸಿ ಸಕ್ರಮಗೊಳಿಸಲು ಮಾತ್ರ ಅವಕಾಶ ನೀಡಿದ್ದವು. ಅದಕ್ಕಿಂತ ದೊಡ್ಡ ಉಲ್ಲಂಘನೆಗಳನ್ನು ಸಕ್ರಮಗೊಳಿಸಲು ರಾಜ್ಯ ಸರ್ಕಾರ ತಂದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. ಆದ್ದರಿಂದ ‘ಮುಂದೆ ಸಕ್ರಮ ಆಗುತ್ತದೆ, ಎಲ್ಲರೂ ಹೀಗೇ ಕಟ್ಟಿದ್ದಾರೆ’ ಎಂಬ ಮಾರಾಟಗಾರರ ಭರವಸೆಯ ಮೇಲೆ ಜೀವಮಾನದ ಉಳಿತಾಯವನ್ನು ಹೂಡುವುದು ಸಲ್ಲದು. 2024ರ ಅಕ್ಟೋಬರ್‌ನಲ್ಲಿ ನಗರದ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡವೊಂದು ಕುಸಿದು ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅನುಮತಿ ಮೀರಿ ಏರಿಸುವ ಅಂತಸ್ತಿನ ಅಪಾಯ ಕಾಗದದಲ್ಲಿ ಮಾತ್ರ ಇರುವುದಿಲ್ಲ ಎಂಬುದನ್ನು ನಗರ ಅಂದು ಮತ್ತೆ ನೆನೆಯಬೇಕಾಯಿತು.

ಕಟ್ಟಡ ನಕ್ಷೆಯಂತೆಯೇ ಇದೆ, ವಾಸಕ್ಕೆ ಯೋಗ್ಯವಾಗಿದೆ ಎಂದು ಸ್ಥಳೀಯ ಸಂಸ್ಥೆ ನೀಡುವ ದಾಖಲೆಯೇ ಸ್ವಾಧೀನಾನುಭವ ಪ್ರಮಾಣಪತ್ರ. ಇದನ್ನು ಜನ ಒ.ಸಿ. ಎಂದೇ ಕರೆಯುತ್ತಾರೆ. ಇದರ ಮಹತ್ವ ಈಗ ಹಿಂದೆಂದಿಗಿಂತ ಹೆಚ್ಚಾಗಿದೆ. ಒ.ಸಿ. ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಬಾರದು, ಬ್ಯಾಂಕುಗಳು ಅದನ್ನು ಪರಿಶೀಲಿಸಿದ ನಂತರವೇ ಕಟ್ಟಡದ ಆಧಾರದ ಮೇಲೆ ಸಾಲ ನೀಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ತೀರ್ಪು ನೀಡಿತು. ಬಳಿಕ 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳಲ್ಲಿನ ಸಣ್ಣ ವಸತಿ ಕಟ್ಟಡಗಳಿಗೆ ಒ.ಸಿ.ಯಿಂದ ವಿನಾಯಿತಿ ನೀಡಿತು. ಆದರೆ 40×60ರ ನಿವೇಶನ ಅದರ ಎರಡು ಪಟ್ಟು ದೊಡ್ಡದು ಎಂಬುದನ್ನು ಮರೆಯಬಾರದು.

ಮಂಜೂರಾದ ನಕ್ಷೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಕಟ್ಟಡವನ್ನು ಒಮ್ಮೆ ಸುತ್ತಿ ಅಂತಸ್ತು, ಮನೆಗಳ ಸಂಖ್ಯೆ ಮತ್ತು ಸುತ್ತಲ ಖಾಲಿ ಜಾಗವನ್ನು ಎಣಿಸಿ ಅಳೆಯುವುದು ಅತ್ಯಗತ್ಯ. ಕೊಳ್ಳಲಿರುವ ಫ್ಲ್ಯಾಟು ನಕ್ಷೆಯಲ್ಲೇ ಇಲ್ಲದ ಅಂತಸ್ತಿನಲ್ಲಿದ್ದರೆ ಅಲ್ಲಿಗೇ ಮಾತುಕತೆ ಮುಗಿಸುವುದು ಲೇಸು.

ಖಾತೆ ಎಂದರೆ ಒಡೆತನವಲ್ಲ

‘ಎ ಖಾತೆ ಇದೆ, ಇನ್ನೇನು ಬೇಕು?’ ಎಂಬುದು ಮಧ್ಯವರ್ತಿಗಳ ಸಾಮಾನ್ಯ ಮಾತು. ಖಾತೆ ಎಂಬುದು ಆಸ್ತಿ ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ. ಒಡೆತನಕ್ಕೆ ಆಧಾರ ನೋಂದಾಯಿತ ಕ್ರಯಪತ್ರ ಮತ್ತು ಅದರ ಹಿಂದಿನ ಪತ್ರಗಳ ಸರಪಳಿ. ಬಿ ಖಾತೆ ಎಂದರೆ ಭೂ ಪರಿವರ್ತನೆ, ನಕ್ಷೆ ಮಂಜೂರಾತಿ ಮುಂತಾದವುಗಳಲ್ಲಿ ಕೊರತೆ ಇರುವ ಆಸ್ತಿಗಳಿಂದಲೂ ತೆರಿಗೆ ಪಡೆಯಲು ಇಟ್ಟ ಪ್ರತ್ಯೇಕ ವಹಿಯ ದಾಖಲೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ಬಿ ಖಾತೆಯ ಮನೆಗಳಿಗೆ ಅನೇಕ ಬ್ಯಾಂಕುಗಳು ಸಾಲ ನೀಡಲು ಹಿಂಜರಿಯುತ್ತವೆ. ಇಂದು ಕೊಳ್ಳುವವರಿಗೆ ಸಾಲ ಸಿಗದಿದ್ದರೆ ನಾಳೆ ಅವರಿಂದ ಕೊಳ್ಳುವವರಿಗೂ ಸಿಗುವುದಿಲ್ಲ.

ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹೀಗಾಗಿ ಹಳೆಯ ದಾಖಲೆಗಳಲ್ಲಿ ಪಾಲಿಕೆಯ ಹಳೆಯ ಹೆಸರು ಇರುವುದು ಸಹಜ. ಇಡೀ ನಿವೇಶನಕ್ಕೆ ಒಂದೇ ಖಾತೆ ಇದೆಯೇ, ಪ್ರತಿ ಫ್ಲ್ಯಾಟಿಗೂ ಪ್ರತ್ಯೇಕ ಖಾತೆ ಆಗಿದೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಬೇಕು.

ಮೂವತ್ತು ವರ್ಷಗಳ ಹಿಂದಕ್ಕೆ

ವಕೀಲರು ಸಾಮಾನ್ಯವಾಗಿ 30 ವರ್ಷಗಳ ದಾಖಲೆ ಕೇಳುತ್ತಾರೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಸ್ವಾಧೀನಕ್ಕಾಗಿ ಖಾಸಗಿಯವರು ದಾವೆ ಹೂಡಲು 12 ವರ್ಷ, ಸರ್ಕಾರಕ್ಕೆ 30 ವರ್ಷ ಅವಕಾಶವಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಮೂಲಪತ್ರದಿಂದ ಇಂದಿನ ಮಾಲೀಕರವರೆಗೆ ಕೊಂಡಿ ಎಲ್ಲೂ ಕಳಚಿರಬಾರದು. ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನವಾದರೆ ಮೊದಲ ಹಂಚಿಕೆದಾರರಿಗೆ ಲೀಸ್ ಅವಧಿ ಮುಗಿದು ಶುದ್ಧ ಕ್ರಯಪತ್ರ ದೊರೆತಿದೆಯೇ ಎಂದು ನೋಡಬೇಕು. ಕೇವಲ ಸಾಮಾನ್ಯ ಅಧಿಕಾರ ಪತ್ರದ ಮೂಲಕ ನಡೆಯುವ ಮಾರಾಟದಿಂದ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದೆ.

ಹಳೆಯ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ. ಅಜ್ಜ ಕಟ್ಟಿದ ಮನೆಯನ್ನು ಮೊಮ್ಮಕ್ಕಳು ಬಿಲ್ಡರಿಗೆ ಜಂಟಿ ಅಭಿವೃದ್ಧಿಗೆ ಕೊಟ್ಟಿರುತ್ತಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಪಾಲು ನೀಡಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತಷ್ಟು ಗಟ್ಟಿಗೊಳಿಸಿದೆ. ಮದುವೆಯಾಗಿ ದೂರದ ಊರಿನಲ್ಲಿರುವ ಅಕ್ಕತಂಗಿಯರ ಸಹಿ ಇಲ್ಲದ ಒಪ್ಪಂದ ಮುಂದೊಂದು ದಿನ ನ್ಯಾಯಾಲಯದ ಮೆಟ್ಟಿಲೇರಬಹುದು. ವಂಶವೃಕ್ಷ ಕೇಳಿ ಪಡೆದು, ಅದರಲ್ಲಿರುವ ಎಲ್ಲ ವಾರಸುದಾರರ ಸಹಿಯನ್ನು ತಾಳೆ ನೋಡಬೇಕು. ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ತಾವು ಕೊಳ್ಳುವ ಫ್ಲ್ಯಾಟು ಯಾರ ಪಾಲಿಗೆ ಬಂದಿದೆ, ನೆಲದ ಮಾಲೀಕರದೋ ಬಿಲ್ಡರದೋ ಎಂಬುದೂ ಖಚಿತವಾಗಬೇಕು.

ಋಣಭಾರ ಪ್ರಮಾಣಪತ್ರವನ್ನು ಕಾವೇರಿ ತಂತ್ರಾಂಶದ ಮೂಲಕ ಮನೆಯಲ್ಲೇ ಕುಳಿತು ಪಡೆಯಬಹುದು. ಆದರೆ ಅದು ಹೇಳುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ನ್ಯಾಯಾಲಯದಲ್ಲಿರುವ ದಾವೆ, ನೋಂದಣಿಯಾಗದ ಕರಾರು ಅದರಲ್ಲಿ ಕಾಣದಿರಬಹುದು. ಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಪಡೆದ ಸಾಲದ ಸುಳಿವು 2011ರಲ್ಲಿ ಆರಂಭವಾದ ಸೆರ್ಸಾಯ್ ಎಂಬ ಕೇಂದ್ರೀಯ ದಾಖಲೆಯಲ್ಲಿ ಸಿಗುತ್ತದೆ. ಇದಲ್ಲದೆ ಬೆಂಗಳೂರಿನ ವಾಡಿಕೆಯಾದ ಭೋಗ್ಯವನ್ನೂ ಗಮನಿಸಬೇಕು. ಬಾಡಿಗೆಯ ಬದಲು ಲಕ್ಷಗಟ್ಟಲೆ ಹಣವನ್ನು ಒಮ್ಮೆಗೇ ಕೊಟ್ಟು ವಾಸವಿರುವ ಭೋಗ್ಯದಾರರಿದ್ದರೆ ಅವರ ಹಣ ಹಿಂತಿರುಗುವವರೆಗೆ ಮನೆ ಖಾಲಿಯಾಗುವುದು ಕಷ್ಟ. ಹಳೆಯ ಫ್ಲ್ಯಾಟ್ ಕೊಳ್ಳುವಾಗ ಒಳಗೆ ವಾಸವಿರುವವರನ್ನು ನೇರವಾಗಿ ಮಾತನಾಡಿಸುವುದು ಒಳ್ಳೆಯದು.

ಬೆಲೆಯ ಮೇಲಿನ ಬೆಲೆ

60 ಲಕ್ಷ ರೂ. ಫ್ಲ್ಯಾಟ್ ಎಂದರೆ 60 ಲಕ್ಷದಲ್ಲಿ ಮುಗಿಯುವುದಿಲ್ಲ. 45 ಲಕ್ಷ ರೂ. ಮೀರಿದ ಆಸ್ತಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5. ಇದು 3 ಲಕ್ಷ ರೂ. ಆಗುತ್ತದೆ. ಆ ಶುಲ್ಕದ ಮೇಲೆ ಶೇ. 10 ಸೆಸ್, ಶೇ. 2 ಸರ್ಚಾರ್ಜ್ ಸೇರಿ 36 ಸಾವಿರ ರೂ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದ್ದು, ಅದು 1 ಲಕ್ಷದ 20 ಸಾವಿರ ರೂ. ಒಟ್ಟು 4 ಲಕ್ಷದ 56 ಸಾವಿರ ರೂ. ಸರ್ಕಾರದ ಮಾರ್ಗಸೂಚಿ ದರ ಮಾತಿನ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕವನ್ನು ಅದರ ಮೇಲೆ ಕಟ್ಟಬೇಕು.

ಕಟ್ಟಡ ಇನ್ನೂ ನಿರ್ಮಾಣ ಹಂತದಲ್ಲಿದ್ದರೆ ಇಂತಹ ಫ್ಲ್ಯಾಟಿಗೆ ಶೇ. 5 ಜಿಎಸ್‌ಟಿ, ಅಂದರೆ ಮತ್ತೆ 3 ಲಕ್ಷ ರೂ. ಬೀಳುತ್ತದೆ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ದೊರೆತ ನಂತರ ಮಾರಾಟವಾಗುವ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಬೆಲೆ 50 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರೇ ಶೇ. 1ರಷ್ಟು ಆದಾಯ ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿ, ಉಳಿದದ್ದನ್ನು ಮಾರುವವರಿಗೆ ಕೊಡಬೇಕು.

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದಿಂದ 75 ಲಕ್ಷ ರೂ.ವರೆಗಿನ ಗೃಹಸಾಲ ಆಸ್ತಿ ಮೌಲ್ಯದ ಶೇ. 80 ಮೀರುವಂತಿಲ್ಲ. ಮುದ್ರಾಂಕ, ನೋಂದಣಿ ವೆಚ್ಚ ಈ ಮೌಲ್ಯದಲ್ಲಿ ಸೇರುವುದಿಲ್ಲ. ಅಂದರೆ 60 ಲಕ್ಷದ ಫ್ಲ್ಯಾಟಿಗೆ ಸಾಲ ಹೆಚ್ಚೆಂದರೆ 48 ಲಕ್ಷ. ಕೈಯಿಂದ ಹಾಕಬೇಕಾದ್ದು 12 ಲಕ್ಷ ಮತ್ತು ನೋಂದಣಿ ವೆಚ್ಚ ಸೇರಿ 16 ಲಕ್ಷದ 56 ಸಾವಿರ ರೂ. ವಾರ್ಷಿಕ ಬಡ್ಡಿ ಶೇ. 8.5 ಎಂದಿಟ್ಟುಕೊಂಡರೆ 48 ಲಕ್ಷ ರೂ. ಸಾಲಕ್ಕೆ 20 ವರ್ಷ ತಿಂಗಳಿಗೆ ಸುಮಾರು 41,650 ರೂ. ಕಂತು ಕಟ್ಟಬೇಕು. ಕೊನೆಗೆ ಕಟ್ಟಿದ ಮೊತ್ತ ಹೆಚ್ಚುಕಡಿಮೆ 1 ಕೋಟಿ ರೂ. ಮುಟ್ಟುತ್ತದೆ. ಇಷ್ಟು ಹಣ ಕಟ್ಟುವುದು ನಕ್ಷೆಯಲ್ಲಿ ಇಲ್ಲದ ಮನೆಗಾಗಿ ಎಂದಾದರೆ ಅದಕ್ಕಿಂತ ದುರಂತ ಇನ್ನೊಂದಿಲ್ಲ.

ನೀರು, ಬೆಳಕು, ಗಾಡಿ

ಕಾಗದ ಸರಿಯಿದ್ದ ಮೇಲೆ ಕಣ್ಣಿನ ಕೆಲಸ. ಮನೆಯನ್ನು ಭಾನುವಾರ ಬೆಳಿಗ್ಗೆ ಒಮ್ಮೆ ನೋಡಿ ಮೆಚ್ಚುವುದು ಸಾಲದು. ವಾರದ ದಿನದ ಸಂಜೆ ಗಲ್ಲಿಯಲ್ಲಿ ಗಾಡಿಗಳ ಸಾಲು ಹೇಗಿರುತ್ತದೆ, ಆಂಬುಲೆನ್ಸ್ ಬಾಗಿಲವರೆಗೆ ಬರಬಲ್ಲದೇ, ಮಳೆ ಬಂದಾಗ ಚರಂಡಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಮಧ್ಯಾಹ್ನ ದೀಪ ಆರಿಸಿ ಕೋಣೆಯಲ್ಲಿ ಪತ್ರಿಕೆ ಓದಲು ಸಾಧ್ಯವೇ ಎಂದು ಪರೀಕ್ಷಿಸಿದರೆ ಬೆಳಕಿನ ಸ್ಥಿತಿ ತಿಳಿಯುತ್ತದೆ. ಪಕ್ಕದ ಖಾಲಿ ನಿವೇಶನದ ಕಡೆಯಿಂದ ಬರುವ ಗಾಳಿ ಬೆಳಕು ಅಲ್ಲಿ ಕಟ್ಟಡ ಎದ್ದ ದಿನ ನಿಂತುಹೋಗುತ್ತದೆ.

2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗಾಗಿ ಜನ ಪರದಾಡಿದ್ದನ್ನು ಯಾರೂ ಮರೆತಿಲ್ಲ. ಕಾವೇರಿ ಸಂಪರ್ಕ ಕಟ್ಟಡದ ಹೆಸರಿನಲ್ಲಿ ಇದೆಯೇ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಸಂಪಿನ ಅಳತೆ ಎಷ್ಟು ಎಂಬುದನ್ನು ಬಿಲ್ಡರನ್ನಲ್ಲ, ಪಕ್ಕದ ಮನೆಯವರನ್ನು ಕೇಳಬೇಕು. ಜಲಮಂಡಳಿಯ ನೀರಿನ ಬಿಲ್ ಒಂದನ್ನು ಕೇಳಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಎಂಟು ಮನೆ, ನಾಲ್ಕು ಕಾರಿನ ಜಾಗ ಎಂಬುದು ಇಂತಹ ಕಟ್ಟಡಗಳ ನಿತ್ಯದ ಜಗಳ. ಕಂಬಗಳ ನಡುವಿನ ತೆರೆದ ನಿಲುಗಡೆ ಜಾಗವನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ್ದು ಎಂದು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತ್ತು. ಯಾರ ಗಾಡಿ ಎಲ್ಲಿ ನಿಲ್ಲಬೇಕೆಂಬ ಗುರುತು ಕ್ರಯಪತ್ರದ ಜೊತೆಗಿನ ನಕ್ಷೆಯಲ್ಲಿರಲಿ.

ಎಂಟು ಮನೆಗಳವರು ಸೇರಿ ಸಂಘ ಕಟ್ಟಿಕೊಳ್ಳಲು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಸಣ್ಣ ಕಟ್ಟಡಗಳಲ್ಲಿ ಸಂಘವೇ ಇಲ್ಲದೆ, ಪಂಪು ಕೆಟ್ಟಾಗ ಯಾರು ಹಣ ಕೊಡಬೇಕೆಂಬ ವಾದದಲ್ಲಿ ದಿನ ಕಳೆಯುವುದುಂಟು. ಇಬ್ಬರು ಕೊಡದಿದ್ದರೆ ಉಳಿದ ಆರು ಮನೆಗಳಿಗೆ ಹೊರೆ. ಹಳೆಯ ಫ್ಲ್ಯಾಟ್ ಕೊಳ್ಳುವವರು ಹಿಂದಿನವರ ನಿರ್ವಹಣಾ ಬಾಕಿ ಏನೂ ಇಲ್ಲವೆಂಬ ಪತ್ರವನ್ನು ಪಡೆದೇ ಮುಂದುವರಿಯಬೇಕು.

ಮೊದಲು ಕಾಗದ, ಆಮೇಲೆ ಮುಂಗಡ

ಎಡವಟ್ಟು ಹೆಚ್ಚಾಗಿ ಆಗುವುದು ಕ್ರಮ ತಪ್ಪುವುದರಿಂದ. ಮನೆ ಮೆಚ್ಚಿದ ದಿನವೇ ‘ಇನ್ನೊಬ್ಬರು ನಾಳೆ ಬರುತ್ತಿದ್ದಾರೆ’ ಎಂಬ ಮಾತಿಗೆ ಬೆದರಿ ಎರಡು ಲಕ್ಷ ಮುಂಗಡ ಕೊಟ್ಟರೆ, ಆನಂತರ ವಕೀಲರು ತೋರಿಸುವ ದೋಷವನ್ನು ಸಣ್ಣದೆಂದು ಭಾವಿಸುವಂತೆ ಆ ಹಣವೇ ಮನಸ್ಸನ್ನು ಒತ್ತಾಯಿಸುತ್ತದೆ. ನಕ್ಷೆ, ಒ.ಸಿ., ಮೂಲಪತ್ರಗಳು, ಋಣಭಾರ ಪ್ರಮಾಣಪತ್ರ, ಖಾತೆ ಇವುಗಳ ಪ್ರತಿಗಳನ್ನು ಪಡೆದು, ಮಾರುವವರಿಗೂ ಬಿಲ್ಡರಿಗೂ ಸಂಬಂಧವಿಲ್ಲದ ವಕೀಲರಿಗೆ ತೋರಿಸಿ, ಬ್ಯಾಂಕಿನ ಒಪ್ಪಿಗೆ ಪಡೆದ ಮೇಲೆ ಕರಾರು, ಕರಾರಿನ ದಿನ ಮುಂಗಡ. ಪತ್ರದಲ್ಲಿ ದೋಷ ಕಂಡರೆ ಅಥವಾ ಸಾಲ ಮಂಜೂರಾಗದಿದ್ದರೆ ಮುಂಗಡ ಹಿಂತಿರುಗಿಸತಕ್ಕದ್ದು ಎಂಬ ಒಂದು ಸಾಲು ಆ ಕರಾರಿನಲ್ಲಿರಬೇಕು. ವಕೀಲರ ಶುಲ್ಕ ಉಳಿಸಲು ಹೋಗಿ ಮನೆಯನ್ನೇ ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಪ್ರತಿಗಳನ್ನು ಕೊಡಲು ಹಿಂದೆಮುಂದೆ ನೋಡುವ ಮಾರಾಟಗಾರರ ಮನೆ ಎಷ್ಟೇ ಸುಂದರವಾಗಿರಲಿ, ಅಲ್ಲಿಂದ ಎದ್ದು ಬರುವುದೇ ಕ್ಷೇಮ. ಕಿಕ್ಕಿರಿದ ಈ ನಗರದಲ್ಲಿ ಸಣ್ಣ ಫ್ಲ್ಯಾಟುಗಳಿಗೆ ಬರವಿಲ್ಲ. ಹುಡುಕಲು ಇನ್ನೂ ಆರು ತಿಂಗಳು ತಗಲಿದರೂ ಇಪ್ಪತ್ತು ವರ್ಷಗಳ ಕಂತಿನ ಮುಂದೆ ಅದು ದೊಡ್ಡದಲ್ಲ.